ಗುಡ್ಡದ ಊರಲ್ಲೊಂದು ರಜೆಮನೆ: ಕೊಡಗಾ, ಚಿಕ್ಕಮಗಳೂರಾ, ಸಕಲೇಶಪುರವಾ, ಕೋಟಗಿರಿಯಾ?

ಈ ಪ್ರಶ್ನೆ ಹೆಚ್ಚಾಗಿ ಜನವರಿಯಲ್ಲೇ ಬರುತ್ತದೆ. ವರ್ಷದ ಕೊನೆಯ ರಜೆಗೆ ಬೆಂಗಳೂರಿನಿಂದ ಮಲೆನಾಡಿಗೆ ಹೋಗಿ ಬಂದವರು ಫೋನ್ ಮಾಡುತ್ತಾರೆ. ಬೆಳಿಗ್ಗೆ ಬಾಗಿಲು ತೆಗೆದರೆ ಮಂಜು, ಗಿಡದ ತುಂಬ ಕೆಂಪು ಕಾಫಿ ಹಣ್ಣು, ಕೈಯಲ್ಲಿ ಬಿಸಿ ಲೋಟ. 'ಅಲ್ಲೇ ಒಂದು ಸಣ್ಣ ಮನೆ ತಗೊಂಡುಬಿಟ್ಟರೆ ಹೇಗೆ?' ಆಮೇಲೆ ಶುರುವಾಗುತ್ತದೆ ಗೊಂದಲ. ಗಂಡನಿಗೆ ಕೊಡಗು, ಹೆಂಡತಿಗೆ ಚಿಕ್ಕಮಗಳೂರು, ಸಕಲೇಶಪುರ ಹತ್ತಿರ ಅಂತ ಯಾರೋ ಹೇಳಿದ್ದಾರೆ, ಮಗಳಿಗೆ ನೀಲಗಿರಿಯ ಚಳಿಯೇ ಬೇಕು.

ಡಿಸೆಂಬರ್‌ನಲ್ಲಿ ಈ ಎಲ್ಲ ಊರೂ ಚೆಂದ. ಹಾಗಾಗಿ ಡಿಸೆಂಬರ್ ನೋಡಿ ಆರಿಸಲು ಆಗುವುದಿಲ್ಲ.

ನಾನು ಬೇರೆ ಲೆಕ್ಕ ಹಿಡಿಯುತ್ತೇನೆ. ಕೆಲಸ, ಮಕ್ಕಳ ಶಾಲೆ, ಮದುವೆ-ಮುಂಜಿ ಎಲ್ಲ ಕಳೆದು ನೀವು ಆ ಮನೆಯಲ್ಲಿ ವರ್ಷಕ್ಕೆ 30 ದಿನ ಇದ್ದರೆ ದೊಡ್ಡದು. ಉಳಿದ 335 ದಿನ ಮನೆ ಒಂಟಿ. ಊರನ್ನು ಆ 335 ದಿನಕ್ಕಾಗಿ ಆರಿಸಬೇಕು. ಇದು ನನಗೆ ಗೊತ್ತಾಗಿದ್ದು ನಮ್ಮ ಚಿಕ್ಕಮ್ಮನ ಮನೆಯಿಂದ. ಸೋಮವಾರಪೇಟೆ ಕಡೆ ಒಂದು ಹಳೇ ಹಂಚಿನ ಮನೆ ಕೊಂಡಿದ್ದರು. ಒಂದು ವರ್ಷ ಜೂನ್‌ನಲ್ಲಿ ಮಾಡಿನ ನೀರು ಹರಿಯುವ ದೋಣಿಗೆ ಸಿಲ್ವರ್ ಓಕ್ ಎಲೆ ಕಟ್ಟಿಕೊಂಡಿತು. ನೀರು ಹೊರಗೆ ಹೋಗುವ ಬದಲು ಗೋಡೆಗೆ ಇಳಿಯಿತು. ತೆಗೆಯುವವರು ಯಾರೂ ಇರಲಿಲ್ಲ. ಸೆಪ್ಟೆಂಬರ್‌ನಲ್ಲಿ ಬಾಗಿಲು ತೆಗೆದಾಗ ಹಾಸಿಗೆಯ ಮೇಲೆ ಅಣಬೆ ಎದ್ದಿತ್ತು. ಹೇಳಿಕೊಳ್ಳುವಾಗ ಈಗ ನಗು ಬರುತ್ತದೆ, ಆವತ್ತು ಚಿಕ್ಕಮ್ಮ ಅತ್ತಿದ್ದರು.

ಕೊಳ್ಳಲೇಬೇಕಾ?

ಊರಿಗೂ ಮುಂಚೆ ಇದನ್ನು ಕೇಳಿಕೊಳ್ಳಿ. ಮನೆ-ಜಾಗಕ್ಕೆ 80 ಲಕ್ಷ ಹಾಕುತ್ತೀರಿ ಎಂದುಕೊಳ್ಳೋಣ. ಅದೇ ದುಡ್ಡಿಗೆ ಶೇ. 7ರ ಬಡ್ಡಿ ಬಂದರೂ ವರ್ಷಕ್ಕೆ 5.6 ಲಕ್ಷ. 30 ರಾತ್ರಿಗೆ ಭಾಗಿಸಿದರೆ ಒಂದು ರಾತ್ರಿಗೆ 18 ಸಾವಿರ ದಾಟುತ್ತದೆ. ಇದಕ್ಕೆ ನೋಡಿಕೊಳ್ಳುವವರ ಸಂಬಳ, ಕರೆಂಟು, ಎರಡು ವರ್ಷಕ್ಕೊಮ್ಮೆ ಬಣ್ಣ ಇನ್ನೂ ಸೇರಿಲ್ಲ. ಆ ದುಡ್ಡಿಗೆ ಪ್ರತಿ ಸಲ ಬೇರೆ ಬೇರೆ ಊರಿನ ಒಳ್ಳೆಯ ಹೋಂಸ್ಟೇಯಲ್ಲಿ ಇದ್ದು ಬರಬಹುದು. ಬಟ್ಟಲು ತೊಳೆಯುವ ಕೆಲಸವೂ ಇಲ್ಲ.

ಜಾಗದ ಬೆಲೆ ಏರುತ್ತದಲ್ಲ ಎನ್ನುತ್ತೀರಿ. ಏರಬಹುದು. ಆದರೆ ಗುಡ್ಡದ ಮನೆ ಮಾರುವುದು ಬೆಂಗಳೂರಿನ ಫ್ಲಾಟ್ ಮಾರಿದಷ್ಟು ಸಲೀಸಲ್ಲ. ಅಗತ್ಯ ಬಿದ್ದ ತಿಂಗಳಲ್ಲೇ ಕೊಳ್ಳುವವರು ಸಿಗುವುದಿಲ್ಲ. ಇಷ್ಟೆಲ್ಲ ಗೊತ್ತಿದ್ದೂ 'ನಮ್ಮದು ಅಂತ ಒಂದು ಇರಬೇಕು' ಅನಿಸಿದರೆ ಅದೂ ಸರಿಯೇ. ನನಗೂ ಹಾಗೇ ಅನಿಸಿದೆ. ಅಂಥವರಿಗೆ ಮುಂದಿನ ಮಾತು.

ಮೊದಲು ಕಾಗದ

ಯಾವ ಊರಾದರೂ ಮೊದಲ ಅಳತೆಗೋಲು ಇದೇ. ನೋಟ ಕೊನೆಗೆ.

ಕರ್ನಾಟಕದಲ್ಲಿ 2020ರಿಂದ ರೈತರಲ್ಲದವರೂ ಕೃಷಿ ಜಮೀನು ಕೊಳ್ಳಬಹುದು. ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳು ಆಗ ಹೋದವು. ಕೊಳ್ಳಬಹುದು ಅಂದ ಮಾತ್ರಕ್ಕೆ ಮನೆ ಕಟ್ಟಬಹುದು ಅಂತಲ್ಲ. ರಜೆಮನೆಗೆ ಭೂ ಪರಿವರ್ತನೆ ಬೇಕು, ಎಲ್ಲರೂ ಕನ್ವರ್ಷನ್ ಅನ್ನುವುದು ಇದನ್ನೇ. ಕನ್ವರ್ಷನ್ ಇಲ್ಲದೆ ತೋಟದಲ್ಲಿ ತೋಟದ ಮನೆ ಕಟ್ಟಿಕೊಳ್ಳಲು ಅವಕಾಶ ಇದೆ, ಆದರೆ ಅದು ಜಮೀನಿನ ಶೇ. 10ರ ಮಿತಿಯಲ್ಲಿ, ನಿಜವಾಗಿ ಬೇಸಾಯ ಮಾಡುವವರಿಗೆ. ಕನ್ವರ್ಷನ್ ಆಗದ ಜಾಗಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಗೃಹಸಾಲ ಕೊಡುವುದಿಲ್ಲ, ಇದನ್ನೂ ಲೆಕ್ಕಕ್ಕೆ ಹಿಡಿಯಿರಿ. ವಿದೇಶದಲ್ಲಿರುವ ಮಗನ ಹೆಸರಿಗೆ ಮಾಡಿಸೋಣ ಅಂತ ಹಲವರು ಯೋಚಿಸುತ್ತಾರೆ. ಅನಿವಾಸಿ ಭಾರತೀಯರು ಕೃಷಿ ಜಮೀನು, ಪ್ಲಾಂಟೇಶನ್, ತೋಟದ ಮನೆ ಕೊಳ್ಳುವಂತಿಲ್ಲ. ಪಿತ್ರಾರ್ಜಿತವಾಗಿ ಬರಬಹುದು ಅಷ್ಟೇ.

ಮಲೆನಾಡಿನ ಕಾಗದದಲ್ಲಿ ಬಯಲುಸೀಮೆಯಲ್ಲಿ ಇಲ್ಲದ ಸಿಕ್ಕುಗಳಿವೆ. ಪಹಣಿಯಲ್ಲಿ ಖರಾಬು, ಅಂದರೆ ಬೇಸಾಯಕ್ಕೆ ಬಾರದ ಜಾಗ, ಎಷ್ಟು ಅಂತ ಮೊದಲು ನೋಡಿ. ಬಿ ಖರಾಬು ಇದ್ದರೆ ಅದು ಸರ್ಕಾರದ್ದು. ಹಲವು ತೋಟಗಳಲ್ಲಿ ಕಾಗದದ ಮೇಲೆ ಮೂರು ಎಕರೆ, ಬೇಲಿಯೊಳಗೆ ಐದು ಎಕರೆ. ಮಿಕ್ಕ ಎರಡು ಒತ್ತುವರಿ. ಮಾರುವವರು ಐದಕ್ಕೂ ರೇಟು ಹೇಳುತ್ತಾರೆ, ಚೆಂದದ ಮೂಲೆ ಆ ಎರಡರಲ್ಲೇ ಇರುತ್ತದೆ! ಸರ್ಕಾರ ಮಂಜೂರು ಮಾಡಿದ ಜಮೀನಾದರೆ ಮಾರಾಟದ ಷರತ್ತು ಏನಿದೆ ಅಂತ ಮಂಜೂರಾತಿ ಪತ್ರವನ್ನೇ ಓದಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನು 1978ರ ಪಿಟಿಸಿಎಲ್ ಕಾಯ್ದೆಯಡಿ ಬರುತ್ತದೆ. ಸರ್ಕಾರದ ಒಪ್ಪಿಗೆ ಇಲ್ಲದೆ ಕೈ ಬದಲಾಗಿದ್ದರೆ, ನಡುವೆ ನಾಲ್ಕು ಕ್ರಯಪತ್ರ ಆಗಿದ್ದರೂ ವಾಪಸ್ ಹೋಗಬಹುದು. ವಾಪಸ್ ಕೇಳಲು ಕಾಲಮಿತಿ ಇಲ್ಲ ಎಂದ 2023ರ ತಿದ್ದುಪಡಿಯ ನಂತರ 'ತುಂಬ ಹಳೇದು, ಈಗ ಯಾರು ಕೇಳುತ್ತಾರೆ' ಅನ್ನುವ ಧೈರ್ಯವನ್ನು ನಂಬಿ ಕೂರಬೇಡಿ.

ಜಾಗ ನೋಡಲು ಹೋದಾಗ ಫೋನಿನಲ್ಲಿ ದಿಶಾಂಕ್ ಆ್ಯಪ್ ಇರಲಿ. ನಿಂತ ಜಾಗದ ಸರ್ವೆ ನಂಬರ್ ಅಲ್ಲೇ ತೋರಿಸುತ್ತದೆ. ಬ್ರೋಕರ್ ಹೇಳಿದ ನಂಬರೂ ಅದೂ ಒಂದೇನಾ ನೋಡಿ. ಇದು ಸರ್ವೆಗೆ ಬದಲಿ ಅಲ್ಲ, ಆದರೆ ಅರ್ಧ ಸುಳ್ಳು ಅಲ್ಲೇ ಬಯಲಾಗುತ್ತದೆ. ಆಮೇಲೆ ಪಹಣಿ, ಮ್ಯುಟೇಶನ್ (ಹಕ್ಕು ಬದಲಾದ ದಾಖಲೆ), ಋಣಭಾರ ಪತ್ರ, 11ಇ ನಕ್ಷೆ (ಮಾರಾಟಕ್ಕೆ ಮುಂಚಿನ ಅಳತೆ ನಕ್ಷೆ), ಪೋಡಿ (ಜಮೀನು ಅಳೆದು ಬೇರೆ ನಂಬರ್ ಮಾಡುವುದು). ಪಂಚಾಯಿತಿ ವ್ಯಾಪ್ತಿಯ ಮನೆಯಾದರೆ ಇ-ಸ್ವತ್ತಿನ ನಮೂನೆ 9 ಮತ್ತು 11. ವಕೀಲರು ಬೆಂಗಳೂರಿನವರಾಗಿದ್ದರೆ ಸಾಲದು, ಆ ತಾಲೂಕಿನ ದಾಖಲೆ ಓದಿ ಪಳಗಿದವರೇ ಬೇಕು.

ಇನ್ನು ಪಶ್ಚಿಮಘಟ್ಟದ ರಕ್ಷಣೆ ಕುರಿತ ಕಸ್ತೂರಿರಂಗನ್ ವರದಿಯ ಭಯ. ಕೇಂದ್ರದ 2024ರ ಜುಲೈ ಕರಡು ಅಧಿಸೂಚನೆಯಲ್ಲಿ ಕರ್ನಾಟಕದ ಸುಮಾರು 20,668 ಚದರ ಕಿ.ಮೀ. ಪರಿಸರ ಸೂಕ್ಷ್ಮ ಪ್ರದೇಶದ ಪಟ್ಟಿಯಲ್ಲಿದೆ. ರಾಜ್ಯ ಸರ್ಕಾರ ವರದಿಯನ್ನು ಒಪ್ಪಿಲ್ಲ. ಕರಡಿನಲ್ಲಿ ತಡೆ ಇರುವುದು ಗಣಿ, ಕ್ವಾರಿ, ಕೆಂಪು ವರ್ಗದ (ಹೆಚ್ಚು ಮಾಲಿನ್ಯದ) ಕೈಗಾರಿಕೆ, 20,000 ಚದರ ಮೀಟರ್ ಮೀರುವ ಕಟ್ಟಡ ಯೋಜನೆಗಳಿಗೆ. ಎರಡು ಕೋಣೆಯ ಮನೆಗೆ ಅದು ಹೊಡೆತ ಅಲ್ಲ. ದೊಡ್ಡ ಟೌನ್‌ಶಿಪ್‌ನಲ್ಲಿ ವಿಲ್ಲಾ ಬುಕ್ ಮಾಡುವವರು ಮಾತ್ರ ಆ ಹಳ್ಳಿಯ ಹೆಸರು ಪಟ್ಟಿಯಲ್ಲಿದೆಯಾ ಅಂತ ನೋಡಿಕೊಳ್ಳಲಿ.

ಆಮೇಲೆ ಮಣ್ಣು, ನೀರು

2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತಿನ ಮಕ್ಕಂದೂರು, ಜೋಡುಪಾಲ, ಮೊಣ್ಣಂಗೇರಿ ಕಡೆ ಗುಡ್ಡಗಳು ಜಾರಿದವು. 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ ಕುಸಿಯಿತು. 2024ರ ಜುಲೈ 30ರ ನಸುಕಿನಲ್ಲಿ ಪಕ್ಕದ ವಯನಾಡಿನ ಮುಂಡಕೈ, ಚೂರಲ್‌ಮಲದಲ್ಲಿ ಇನ್ನೂರಕ್ಕೂ ಹೆಚ್ಚು ಜನ ಹೋದರು. ಇದನ್ನು ಹೇಳುವುದು ಹೆದರಿಸಲು ಅಲ್ಲ. ಒಂದೇ ಊರಿನಲ್ಲಿ ಒಂದು ಇಳಿಜಾರು ನೂರು ವರ್ಷ ನಿಂತಿರುತ್ತದೆ, ಪಕ್ಕದ್ದು ಒಂದೇ ರಾತ್ರಿಗೆ ಇಳಿಯುತ್ತದೆ. ವ್ಯತ್ಯಾಸ ಎಷ್ಟೋ ಸಲ ಜೆಸಿಬಿಯದ್ದು. ಗುಡ್ಡ ಕಡಿದು ಸಪಾಟು ಮಾಡಿ ಮನೆ ಕೂರಿಸಿದರೆ ಹಿಂದೆ ನೆಟ್ಟಗೆ ಗೋಡೆಯಂಥ ಒಂದು ಮಣ್ಣಿನ ಬರೆ ನಿಲ್ಲುತ್ತದೆ. ಮಳೆಗಾಲದ ನೀರು ಕುಡಿದು ಅದೇ ಅಡುಗೆಮನೆಗೆ ಬರುತ್ತದೆ. ಹಳಬರ ಮನೆಗಳನ್ನು ನೋಡಿ, ಕಣ, ಗದ್ದೆಯ ಅಂಚು, ಗುಡ್ಡದ ಸೊಂಟಕ್ಕಿಂತ ಕೆಳಗಿನ ದಿಣ್ಣೆ. ತುದಿಯಲ್ಲಿ ಯಾರೂ ಕಟ್ಟುತ್ತಿರಲಿಲ್ಲ. ನೋಟ ಬೇಕು ಅಂತ ತುದಿಗೆ ಹೋದವರು ನಾವು.

ಜಾಗದಲ್ಲಿ ಕಣ್ಣಿಗೆ ಕಾಣುವ ಗುರುತುಗಳಿವೆ. ಬುಡದಲ್ಲಿ ಕುಡುಗೋಲಿನಂತೆ ಬಾಗಿದ ಮರಗಳು, ವಾಲಿದ ವಿದ್ಯುತ್ ಕಂಬ, ನೆಲದಲ್ಲಿ ಅಡ್ಡಡ್ಡ ಬಿರುಕು, ಹೋದ ವರ್ಷ ಇಲ್ಲದ ಕಡೆ ಎದ್ದ ಒರತೆ. ಇವುಗಳಲ್ಲಿ ಎರಡು ಒಟ್ಟಿಗೆ ಕಂಡರೆ ಕಾರು ತಿರುಗಿಸಿ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯದ ಭೂಕೋಶ್ ಜಾಲತಾಣದಲ್ಲಿ ಭೂಕುಸಿತದ ಸಾಧ್ಯತೆಯ ನಕ್ಷೆಗಳಿವೆ, ಪುಕ್ಕಟೆ. ಅವು ಸಣ್ಣ ಸೈಟಿನ ಮಟ್ಟಿಗೆ ನಿಖರವಲ್ಲ, ಆದರೆ ಆ ಗುಡ್ಡದ ಜಾತಕ ಸಿಗುತ್ತದೆ.

ನೀರಿನದ್ದು ಉಲ್ಟಾ ಕತೆ. ಜುಲೈನಲ್ಲಿ ಮುಳುಗುವ ಊರಿನಲ್ಲೇ ಏಪ್ರಿಲ್‌ನಲ್ಲಿ ಟ್ಯಾಂಕರ್ ಕರೆಸುತ್ತಾರೆ. ಹಾಗಾಗಿ ಎರಡು ಸಲ ಹೋಗಿ. ಒಮ್ಮೆ ಜುಲೈ ಕೊನೆಗೆ, ಒಮ್ಮೆ ಕಾಫಿ ಹೂ ಅರಳಿಸುವ ಹೂಮಳೆಗೆ ಮುಂಚೆ ಬಿಸಿಲು ಹತ್ತಿದಾಗ. ಬಾವಿಯಲ್ಲಿ ನೀರು ಎಷ್ಟಿದೆ ಅಂತ ಇಣುಕಿ ನೋಡಿ.

ರಸ್ತೆ, ಜನ, ಆನೆ

ರಸ್ತೆಗೆ ಒಂದೇ ಪರೀಕ್ಷೆ: ಶುಕ್ರವಾರ ಸಂಜೆ ಕೆಲಸ ಮುಗಿಸಿ ಹೊರಟರೆ ನಡುರಾತ್ರಿಗೆ ಮುಂಚೆ ತಲುಪುತ್ತೀರಾ? ಇಲ್ಲ ಅಂದರೆ ಮೂರನೇ ವರ್ಷದಿಂದ ಹೋಗುವುದೇ ಬಿಡುತ್ತೀರಿ. ಕೊನೆಯ ಎರಡು ಕಿಲೋಮೀಟರ್ ಯಾರದ್ದು ಅಂತಲೂ ಕೇಳಿ. ಪಕ್ಕದವರ ತೋಟದೊಳಗೆ ದಾರಿ ಇದ್ದರೆ ಅದು ನಕ್ಷೆಯಲ್ಲಿ, ಕ್ರಯಪತ್ರದಲ್ಲಿ ಬರೆದಿರಬೇಕು. 'ಅವರು ಏನೂ ಅನ್ನಲ್ಲ ಸರ್' ಅನ್ನುವುದು ದಾರಿ ಅಲ್ಲ.

ನೋಡಿಕೊಳ್ಳುವ ಮನುಷ್ಯರು ಸಿಗದ ಊರು ನನ್ನ ಪಟ್ಟಿಯಿಂದ ಹೊರಗೆ, ಎಷ್ಟೇ ಚೆಂದವಿರಲಿ. ತೋಟಗಳಿಗೇ ಆಳು ಸಿಗದ ಕಾಲ ಇದು. ಪೇಟೆಯಿಂದ ನಾಲ್ಕೈದು ಕಿಲೋಮೀಟರ್ ಒಳಗಿದ್ದರೆ ಪ್ಲಂಬರ್ ಬರುತ್ತಾರೆ, ಗ್ಯಾಸ್ ಬರುತ್ತದೆ, ಆಸ್ಪತ್ರೆ ಇರುತ್ತದೆ. ಹದಿನೈದು ದಾಟಿದರೆ ಎಲ್ಲರೂ 'ನಾಳೆ ಬರ್ತೀನಿ' ಅನ್ನುತ್ತಾರೆ.

ಈಗ ಊರುಗಳಿಗೆ ಬರೋಣ.

ಕೊಡಗು

ಬೆಂಗಳೂರಿನಿಂದ ಮಡಿಕೇರಿಗೆ ಸುಮಾರು 260 ಕಿ.ಮೀ. 2023ರಲ್ಲಿ ಮೈಸೂರು ಎಕ್ಸ್‌ಪ್ರೆಸ್‌ವೇ ಬಂದ ಮೇಲೆ ಮೊದಲರ್ಧ ಸರಾಗ. ಜಿಲ್ಲೆಗೆ ರೈಲು ಇಲ್ಲ. ಕಾರು ಓಡಿಸಲಾಗದ ವಯಸ್ಸು ಬಂದಾಗ ಇದು ಕಾಡುತ್ತದೆ.

ಕೊಡಗು ಅನ್ನುವುದು ಒಂದು ಊರಲ್ಲ, ಮೂರು. ಭಾಗಮಂಡಲ, ಮಡಿಕೇರಿಯ ಪಶ್ಚಿಮಕ್ಕೆ ಮಳೆ ಅಂದರೆ ಮಳೆ. ಕಕ್ಕಡ ತಿಂಗಳಲ್ಲಿ (ಜುಲೈ-ಆಗಸ್ಟ್) ಕರೆಂಟು ಹೋದರೆ ದಿನಗಟ್ಟಲೆ ಇಲ್ಲ. ದಕ್ಷಿಣದ ವಿರಾಜಪೇಟೆ, ಸಿದ್ದಾಪುರ, ಪೊನ್ನಂಪೇಟೆ ಕಡೆ ನೆಲ ಸ್ವಲ್ಪ ಸೌಮ್ಯ, ಆದರೆ ಆನೆ ಕಾಟ ಜೋರು. ಸಂಜೆ ಆರರ ಮೇಲೆ ವಾಕಿಂಗ್ ಮರೆತುಬಿಡಬೇಕು. ಪೂರ್ವದ ಕುಶಾಲನಗರ ಬಹುಪಾಲು ಬಯಲು, ಮಳೆ ಕಮ್ಮಿ, ಅಂಗಡಿ-ಆಸ್ಪತ್ರೆ ಕೈಗೆಟುಕುತ್ತವೆ. 'ಇದು ಕೊಡಗೇ ಅಲ್ಲ' ಅಂತ ಮೂಗು ಮುರಿಯುವವರು ಜಾಸ್ತಿ. ನನಗೆ ಮಾತ್ರ ರಜೆಮನೆಗೆ ಈ ಭಾಗವೇ ಬುದ್ಧಿವಂತಿಕೆಯ ಆಯ್ಕೆ ಅನಿಸುತ್ತದೆ. ಒಂದೇ ಎಚ್ಚರಿಕೆ: 2018, 2019ರಲ್ಲಿ ಕಾವೇರಿ ಉಕ್ಕಿ ಇಲ್ಲಿನ ನದಿ ಪಕ್ಕದ ಬಡಾವಣೆಗಳು ಮುಳುಗಿದವು. ಹೊಳೆಗೆ ಎಷ್ಟು ದೂರ ಎನ್ನುವುದಕ್ಕಿಂತ ಎಷ್ಟು ಎತ್ತರ ಎಂದು ಕೇಳಿ. ಪಕ್ಕದ ಹಳೇ ಮನೆಯ ಗೋಡೆಯಲ್ಲಿ ನೀರಿನ ಗೆರೆ ಇರುತ್ತದೆ, ಬಣ್ಣ ಹೊಡೆದಿಲ್ಲದಿದ್ದರೆ.

ಕಾಗದದ ವಿಷಯಕ್ಕೆ ಈ ಪಟ್ಟಿಯಲ್ಲಿ ಜಾಸ್ತಿ ತಾಳ್ಮೆ ಬೇಡುವುದು ಕೊಡಗು. ಜಮ್ಮಾ ಜಾಗ, ಅಂದರೆ ವಂಶಪಾರಂಪರ್ಯವಾಗಿ ಬಂದ ಹಳೇ ಹಿಡುವಳಿ, ಇಡೀ ಕುಟುಂಬದ್ದು. ಪಹಣಿಯಲ್ಲಿ ಹತ್ತಿಪ್ಪತ್ತು ಹೆಸರುಗಳು, ಕೆಲವರು ತೀರಿಕೊಂಡಿರುತ್ತಾರೆ, ಕೆಲವರು ಇನ್ನೆಲ್ಲೋ ಇರುತ್ತಾರೆ. ಒಬ್ಬರು ಸಹಿ ಹಾಕದೆ ಉಳಿದರೂ ಮುಂದೆ ತಕರಾರು. ಗದ್ದೆಗೆ ಸೇರಿಕೊಂಡ ಬಾಣೆ (ಮರಗಾಡಿನ) ಜಾಗದ ಮರಗಳ ಹಕ್ಕು ಯಾರದ್ದು ಅನ್ನುವುದು ಇನ್ನೊಂದು ಅಧ್ಯಾಯ. ಆಗಲೇ ಕನ್ವರ್ಷನ್ ಆಗಿ, ಒಬ್ಬರ ಹೆಸರಲ್ಲಿರುವ ಮನೆಗೆ ನಾಲ್ಕು ಕಾಸು ಜಾಸ್ತಿ ಕೊಟ್ಟರೂ ಇಲ್ಲಿ ನಷ್ಟ ಇಲ್ಲ.

ಚಿಕ್ಕಮಗಳೂರು

ದೂರ ಸುಮಾರು 245 ಕಿ.ಮೀ. 2013ರಿಂದ ಕಡೂರಿನ ಮೂಲಕ ರೈಲೂ ಇದೆ. ಪಟ್ಟಣದ ಎತ್ತರ ಸಾವಿರ ಮೀಟರ್ ಮೇಲೆ, ಪಕ್ಕದಲ್ಲೇ 1,930 ಮೀಟರಿನ ಮುಳ್ಳಯ್ಯನಗಿರಿ. ಜಿಲ್ಲಾ ಕೇಂದ್ರವಾದ್ದರಿಂದ ಡಾಕ್ಟರು, ಬಡಗಿ, ಎಲೆಕ್ಟ್ರಿಷಿಯನ್ ಎಲ್ಲ ಸಿಗುತ್ತಾರೆ. ಒಂಟಿ ಮನೆಗೆ ಇದು ದೊಡ್ಡ ಆಸರೆ.

ಇಲ್ಲಿ ನನಗೆ ಇಷ್ಟವಾಗುವುದು ಮಳೆಯನ್ನು ಆರಿಸಿಕೊಳ್ಳುವ ಅವಕಾಶ. ಪಟ್ಟಣದ ಪೂರ್ವಕ್ಕೆ ಹೋದರೆ ಬಯಲುಸೀಮೆಯ ಹವೆ. ಆಲ್ದೂರು ದಾಟಿ ಮೂಡಿಗೆರೆ, ಕೊಟ್ಟಿಗೆಹಾರದ ಕಡೆ ಹೋದಂತೆ ಮಳೆ ಕಿಲೋಮೀಟರ್ ಲೆಕ್ಕದಲ್ಲಿ ಏರುತ್ತದೆ. 2019ರಲ್ಲಿ ಚಾರ್ಮಾಡಿ ಘಾಟಿ ಜರಿದು ತಿಂಗಳುಗಟ್ಟಲೆ ತೊಂದರೆಯಾಯಿತು, ಮೂಡಿಗೆರೆಯ ಹಳ್ಳಿಗಳಲ್ಲೂ ಮನೆಗಳು ಹೋದವು. ಬಟ್ಟೆ ಒಣಗಬೇಕು, ಗೋಡೆಗೆ ಬೂಷ್ಟು ಹಿಡಿಯಬಾರದು, ಆದರೂ ಬೆಟ್ಟ ಕಾಣಬೇಕು ಅನ್ನುವವರಿಗೆ ಪಟ್ಟಣದ ಅಂಚೇ ಸರಿ.

ತೊಂದರೆ ಅಂದರೆ ಜನ. ಉದ್ದನೆಯ ವಾರಾಂತ್ಯದಲ್ಲಿ ಗಿರಿಯ ರಸ್ತೆಯಲ್ಲಿ ಕಾರಿನ ಸಾಲು ನೋಡಿದರೆ ಸಿಲ್ಕ್ ಬೋರ್ಡ್ ವಾಸಿ ಅನಿಸುತ್ತದೆ. ಡಿಸೆಂಬರ್‌ನ ದತ್ತ ಜಯಂತಿ ದಿನಗಳಲ್ಲಿ ಗಿರಿ ಭಾಗಕ್ಕೆ ಪ್ರವಾಸಿಗರನ್ನು ಬಿಡುವುದಿಲ್ಲ, ಪೊಲೀಸ್ ಬಂದೋಬಸ್ತು ಇರುತ್ತದೆ. ಮನೆ ಗಿರಿ ರಸ್ತೆಯಲ್ಲೇ ಇದ್ದರೆ ನಿಮ್ಮ ರಜೆಯೂ ಇದರಲ್ಲಿ ಸಿಕ್ಕಿಕೊಳ್ಳುತ್ತದೆ. ಭದ್ರಾ ಹುಲಿ ಮೀಸಲು ಪ್ರದೇಶದ ಸುತ್ತ ಜಾಗ ನೋಡುವವರು ಪರಿಸರ ಸೂಕ್ಷ್ಮ ವಲಯದ ಗಡಿ ಎಲ್ಲಿಗೆ ಬರುತ್ತದೆ ಅಂತ ಅರಣ್ಯ ಇಲಾಖೆಯಲ್ಲೇ ಕೇಳಿ, ಬ್ರೋಕರ್ ಹತ್ತಿರ ಬೇಡ.

ಸಕಲೇಶಪುರ

ಇಲ್ಲಿ ಚೆಂದದ ಬಗ್ಗೆ ಯಾರೂ ಕವಿತೆ ಬರೆಯುವುದಿಲ್ಲ. ಆದರೆ ನನ್ನ ಲೆಕ್ಕದಲ್ಲಿ ಅಂಕ ಜಾಸ್ತಿ ಬರುವುದು ಇದಕ್ಕೇ. ಸುಮಾರು 220 ಕಿ.ಮೀ., ಬೆಂಗಳೂರು-ಮಂಗಳೂರು ಹೆದ್ದಾರಿಯ ಮೇಲೇ ಊರು. ಅದೇ ಮಾರ್ಗದ ರೈಲು ಊರಿನಲ್ಲೇ ನಿಲ್ಲುತ್ತದೆ. ಶಿರಾಡಿ ಘಾಟಿ ಮಳೆಗಾಲದಲ್ಲಿ ಬಂದ್ ಆಯಿತು ಅಂತ ಸುದ್ದಿ ಓದಿ ಜನ ಹೆದರುತ್ತಾರೆ. ಘಾಟಿ ಇರುವುದು ಊರು ದಾಟಿ ಮಂಗಳೂರಿನ ಕಡೆಗೆ. ಬೆಂಗಳೂರಿನಿಂದ ಬರುವವರು ಘಾಟಿ ಇಳಿಯುವುದೇ ಇಲ್ಲ. ಈ ಸಣ್ಣ ಭೂಗೋಳ ಗೊತ್ತಿಲ್ಲದೆ ಊರನ್ನೇ ಪಟ್ಟಿಯಿಂದ ತೆಗೆದವರನ್ನು ನೋಡಿದ್ದೇನೆ.

ಎತ್ತರ ಸುಮಾರು 950 ಮೀಟರ್. ಹಾಗಾಗಿ ಏಪ್ರಿಲ್‌ನಲ್ಲಿ ಫ್ಯಾನ್ ಬೇಕು, ಸ್ವೆಟರ್ ಹಾಕುವ ಆಸೆ ಇದ್ದವರಿಗೆ ಬೇಸರ. ಬಿಸಿಲೆ, ಹೆತ್ತೂರು ಕಡೆಗೆ ಹೋದರೆ ಕಾಡು ದಟ್ಟ, ಮಳೆ ವಿಪರೀತ, ಫೋನ್ ಸಿಗ್ನಲ್ ಇದ್ದರೂ ಇದೆ ಇಲ್ಲದಿದ್ದರೂ ಇಲ್ಲ. ಪೇಟೆಯ ಸುತ್ತ ಹತ್ತು ಕಿಲೋಮೀಟರ್ ಒಳಗೇ ಹುಡುಕುವುದು ಒಳ್ಳೆಯದು.

ಆನೆ ವಿಷಯವನ್ನು ಮಾತ್ರ ಹಗುರ ಮಾಡಬೇಡಿ. ಸಕಲೇಶಪುರ, ಆಲೂರು, ಬೇಲೂರು ತಾಲೂಕುಗಳಲ್ಲಿ ಕಾಡಾನೆಗಳು ತೋಟದಲ್ಲೇ ಉಳಿದುಬಿಟ್ಟಿವೆ. ದಸರಾ ಅಂಬಾರಿ ಹೊತ್ತ ಅರ್ಜುನ 2023ರ ಡಿಸೆಂಬರ್‌ನಲ್ಲಿ ಸತ್ತಿದ್ದು ಇಲ್ಲಿನ ಯಸಳೂರಿನಲ್ಲಿ, ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ. ಜಾಗ ನೋಡುವಾಗ ಮಾಲೀಕರನ್ನು ಬಿಟ್ಟು ಲೈನ್ ಮನೆಯಲ್ಲಿ ಇರುವ ತೋಟದ ಕೆಲಸದವರನ್ನು ಕೇಳಿ. 'ಹಿಂದಿನ ಸಲ ಯಾವಾಗ ಬಂದಿತ್ತು?' ಉತ್ತರ ತಿಂಗಳಲ್ಲಿ ಬಂದರೆ ಯೋಚಿಸಿ, ವಾರದಲ್ಲಿ ಬಂದರೆ ಬಿಡಿ. ಹಲಸಿನ ಮರ, ಬಾಳೆ ಮನೆ ಪಕ್ಕ ಇದ್ದರೆ ಅದು ಆಮಂತ್ರಣ ಪತ್ರಿಕೆ ಇದ್ದ ಹಾಗೆ.

ತೀರ್ಥಹಳ್ಳಿ, ಸಾಗರದ ಕಡೆ

ಬೆಂಗಳೂರಿನಿಂದ 300 ಕಿ.ಮೀ. ದಾಟುತ್ತದೆ, ವಾರಾಂತ್ಯದ ಮನೆಗೆ ದೂರವಾಯಿತು. 2023ರಲ್ಲಿ ಶಿವಮೊಗ್ಗ ವಿಮಾನ ನಿಲ್ದಾಣ ಬಂದಿದೆ, ಆದರೂ ವಾರವಾರ ವಿಮಾನದಲ್ಲಿ ಹೋಗುವವರು ಎಷ್ಟು ಜನ? ನಿವೃತ್ತಿಯಾಗಿ ಒಮ್ಮೆ ಹೋದರೆ ಎರಡು ತಿಂಗಳು ಇರುವವರಿಗೆ ಇದು ಚಿನ್ನದಂಥ ಜಾಗ. ಜನ ಕಮ್ಮಿ, ಅಡಿಕೆ ತೋಟದ ತಂಪು, ಊರಿನವರ ಜೊತೆ ಒಡನಾಟ ಬೇಗ ಬೆಳೆಯುತ್ತದೆ. ಸಾಗರ ಕಡೆ ಶರಾವತಿ ಹಿನ್ನೀರಿನ ಸುತ್ತ ಮಾತ್ರ ಕಾಗದ ಎರಡು ಸಲ ನೋಡಿ. ಲಿಂಗನಮಕ್ಕಿ ಅಣೆಕಟ್ಟೆಯ ಮುಳುಗಡೆ ಸಂತ್ರಸ್ತರಿಗೆ ಕೊಟ್ಟ ಎಷ್ಟೋ ಜಮೀನಿನ ಹಕ್ಕು ಅರಣ್ಯ ಕಾನೂನಿನಲ್ಲಿ ಸಿಕ್ಕಿಕೊಂಡು ಅರವತ್ತು ವರ್ಷವಾದರೂ ಬಿಡಿಸಿಕೊಂಡಿಲ್ಲ. ಡಿಸೆಂಬರ್‌ನಿಂದ ಬೇಸಿಗೆ ಮುಗಿಯುವವರೆಗೆ ಮಂಗನ ಕಾಯಿಲೆಯ ಭಯವೂ ಈ ಕಾಡಿನಂಚಿಗೆ ಇದೆ, ಉಣುಗು ಕಚ್ಚದಂತೆ ಎಚ್ಚರ ಬೇಕು.

ಕೂನೂರು, ಕೋಟಗಿರಿ

ಚಳಿಯೇ ಬೇಕು ಅನ್ನುವವರಿಗೆ ಕರ್ನಾಟಕದೊಳಗೆ ಉತ್ತರ ಇಲ್ಲ. ತಮಿಳುನಾಡಿನ ನೀಲಗಿರಿಗೇ ಹೋಗಬೇಕು. ಕೂನೂರು ಸುಮಾರು 1,850 ಮೀಟರ್, ಊಟಿ 2,240 ಮೀಟರ್. ಮೇ ತಿಂಗಳಲ್ಲೂ ಕಂಬಳಿ. ಊಟಿಗಿಂತ ಈ ಎರಡು ಊರು ಶಾಂತ. ಬಡಗ ಮಾತನಾಡುವವರು ಸಿಕ್ಕರೆ ಅರ್ಧ ಅರ್ಥವಾಗಿಬಿಡುತ್ತದೆ, ಕನ್ನಡದ ಹತ್ತಿರದ ನೆಂಟ ಭಾಷೆ ಅದು. ಮೊದಲ ಸಲ ಕೇಳಿದಾಗ ನನಗೆ ಎಲ್ಲೋ ನಮ್ಮಜ್ಜಿ ಊರಲ್ಲಿದ್ದೇನೆ ಅನಿಸಿತ್ತು.

ಆದರೆ ಶುಕ್ರವಾರದ ಪರೀಕ್ಷೆಯಲ್ಲಿ ನೀಲಗಿರಿ ಪೂರ್ತಿ ಫೇಲು. ಬಂಡೀಪುರದ ರಸ್ತೆ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂದ್. ದಿಂಬಂ ಘಾಟಿಯಲ್ಲೂ ರಾತ್ರಿ ನಿರ್ಬಂಧ ಇದೆ. ಸಂಜೆ ಆಫೀಸ್ ಬಿಟ್ಟು ಹೊರಟವರು ಮೈಸೂರಲ್ಲೇ ಮಲಗಬೇಕು. ಮೇಲಾಗಿ ಮದ್ರಾಸ್ ಹೈಕೋರ್ಟ್ ಆದೇಶದಂತೆ 2024ರ ಮೇ 7ರಿಂದ ಹೊರಗಿನ ವಾಹನಗಳಿಗೆ ಇ-ಪಾಸ್ ಬೇಕು. 2025ರ ಬೇಸಿಗೆಯಲ್ಲಿ ವಾರದ ನಡುವೆ ದಿನಕ್ಕೆ 6,000, ವಾರಾಂತ್ಯದಲ್ಲಿ ದಿನಕ್ಕೆ 8,000 ವಾಹನಗಳ ಮಿತಿಯೂ ಬಂತು. ಸ್ವಂತ ಮನೆಗೆ ಪಾಸ್ ತೆಗೆದು ಹೋಗುವುದು ಒಂಥರಾ ಅನಿಸುತ್ತದೆ, ಅಲ್ವಾ?

ಇಲ್ಲಿ ಮಳೆ ಎರಡು ಸಲ. ಅಕ್ಟೋಬರ್-ನವೆಂಬರ್‌ನ ಹಿಂಗಾರು ಕೂನೂರು, ಕೋಟಗಿರಿಗೆ ಜೋರು. 2009ರ ನವೆಂಬರ್‌ನಲ್ಲಿ ಈ ಭಾಗದಲ್ಲಿ ಭಾರಿ ಭೂಕುಸಿತ ಆಗಿತ್ತು. ಕಟ್ಟಡಕ್ಕೆ ಗುಡ್ಡ ಪ್ರದೇಶದ ಬೇರೆಯೇ ಬಿಗಿ ನಿಯಮಗಳಿವೆ, ಹಾಗಾಗಿ ಖಾಲಿ ಸೈಟಿಗಿಂತ ಅನುಮತಿ ಇದ್ದು ಕಟ್ಟಿದ ಮನೆ ಲೇಸು. ನೋಂದಣಿ ಖರ್ಚು ಕೂಡ ಜಾಸ್ತಿ: ತಮಿಳುನಾಡಿನಲ್ಲಿ ಮುದ್ರಾಂಕ, ನೋಂದಣಿ ಎಲ್ಲ ಸೇರಿ ಶೇ. 9. ಕರ್ನಾಟಕದಲ್ಲಿ 2025ರ ಆಗಸ್ಟ್ ಕೊನೆಗೆ ನೋಂದಣಿ ಶುಲ್ಕ ಶೇ. 2ಕ್ಕೆ ಏರಿದ ಮೇಲೂ 45 ಲಕ್ಷ ಮೀರಿದ ಆಸ್ತಿಗೆ ಒಟ್ಟು ಶೇ. ಏಳೂವರೆಯ ಆಸುಪಾಸು.

ದಾರಿಯಲ್ಲಿ ಸಿಗುವ ಅಗ್ಗದ ಜಾಗಗಳ ಬಗ್ಗೆ ಎಚ್ಚರ. ಗೂಡಲೂರಿನ ಜನ್ಮಂ (ಹಳೇ ಜಮೀನ್ದಾರಿ ಒಡೆತನದ) ಜಮೀನುಗಳ ವ್ಯಾಜ್ಯ 1969ರ ಕಾಯ್ದೆಯಿಂದ ಎಳೆದುಕೊಂಡು ಬರುತ್ತಿದೆ. ಮಸಿನಗುಡಿ ಸುತ್ತ ಸಿಗೂರು ಆನೆ ಕಾರಿಡಾರ್‌ನಲ್ಲಿ ರೆಸಾರ್ಟುಗಳಿಗೆ 2018ರಲ್ಲಿ ಸುಪ್ರೀಂ ಕೋರ್ಟ್ ಬೀಗ ಹಾಕಿಸಿತು, 2020ರಲ್ಲಿ ಕಾರಿಡಾರ್ ಅಧಿಸೂಚನೆಯನ್ನೇ ಎತ್ತಿಹಿಡಿಯಿತು. ಅಲ್ಲಿ ಅಗ್ಗಕ್ಕೆ ಕಾರಣ ಇದೆ.

ಯಾರಿಗೆ ಯಾವುದು

ಇಬ್ಬರೂ ಕೆಲಸಕ್ಕೆ ಹೋಗುವ, ಮಕ್ಕಳು ಶಾಲೆಯಲ್ಲಿರುವ ಮನೆಯಾದರೆ ಸಕಲೇಶಪುರ, ಇಲ್ಲವೇ ಕುಶಾಲನಗರ. ಹೋಗಿ ಬರುವುದು ಸಲೀಸಾಗದಿದ್ದರೆ ಉಳಿದದ್ದೆಲ್ಲ ವ್ಯರ್ಥ. ಅರವತ್ತು ದಾಟಿದವರಿಗೆ ಚಿಕ್ಕಮಗಳೂರು ಪಟ್ಟಣದ ಅಂಚು: ರೈಲು, ಆಸ್ಪತ್ರೆ, ಒಣ ಗೋಡೆ. ಮೊಣಕಾಲು ನೋವಿದ್ದವರಿಗೆ ನೀಲಗಿರಿಯ ಮೆಟ್ಟಿಲು, ಚಳಿ ಎರಡೂ ಬೇಡ. ಬರೆಯುವವರು, ಮನೆಯಿಂದಲೇ ಕೆಲಸ ಮಾಡುವವರು ತಿಂಗಳುಗಟ್ಟಲೆ ಇರಬಲ್ಲರಾದ್ದರಿಂದ ಅವರಿಗೆ ಕೋಟಗಿರಿಯೂ ತೀರ್ಥಹಳ್ಳಿಯೂ ತೆರೆದ ಬಾಗಿಲು. ಇಂಟರ್ನೆಟ್ ಮಾತ್ರ ಜುಲೈನಲ್ಲಿ ಪರೀಕ್ಷಿಸಬೇಕು.

ಬಾಡಿಗೆಗೆ ಬಿಟ್ಟು ಕಂತು ಕಟ್ಟುತ್ತೇವೆ ಅನ್ನುವವರಿಗೆ ಒಂದು ಮಾತು. ಹೋಂಸ್ಟೇ ಅಂದರೆ ಮನೆಯವರು ಇರುವ ಮನೆ. ಪ್ರವಾಸೋದ್ಯಮ ಇಲಾಖೆಯ ನೋಂದಣಿ ಬೇಕು. ನೀವು ಬೆಂಗಳೂರಿನಲ್ಲಿ, ಅತಿಥಿಗಳು ಅಲ್ಲಿ, ಮಧ್ಯೆ ಒಬ್ಬ ಹುಡುಗ ಅಂದರೆ ಅದು ಹೋಂಸ್ಟೇ ಅಲ್ಲ, ತಲೆನೋವು. ಬಾಡಿಗೆಯನ್ನು ಲೆಕ್ಕದಲ್ಲಿ ಸೊನ್ನೆ ಇಟ್ಟು ನೋಡಿ. ಆಗಲೂ ಕೈಗೆಟುಕಿದರೆ ಮುಂದುವರಿಯಿರಿ.

ಬಜೆಟ್ ಸಣ್ಣದಿದ್ದರೆ ಒಳಗಿನ ಎರಡು ಎಕರೆಗಿಂತ ಪೇಟೆ ಪಕ್ಕದ ಸಣ್ಣ, ಕಟ್ಟಿದ ಮನೆಯೇ ಮೇಲು. ದೊಡ್ಡದಿದ್ದರೂ ತೋಟ ಕೊಳ್ಳುವ ಮುಂಚೆ ತಡೆಯಿರಿ, ಎರಡು ಎಕರೆ ಕಾಫಿ ಎರಡು ಹಸು ಸಾಕಿದಂತೆ, ಭಾನುವಾರ ಮಾತ್ರ ನೋಡಿಕೊಳ್ಳುತ್ತೇನೆ ಅಂದರೆ ನಡೆಯುವುದಿಲ್ಲ. ಈಗ ಜಾಹೀರಾತಿನಲ್ಲಿ ಬರುವ ಮ್ಯಾನೇಜ್ಡ್ ಫಾರ್ಮ್‌ಲ್ಯಾಂಡ್ ಆಗಬಹುದಾ ಅಂತ ಕೇಳುತ್ತಾರೆ. ಕಂಪನಿ ಹತ್ತು ವರ್ಷಕ್ಕೆ ಕೈಬಿಟ್ಟರೆ ರಸ್ತೆ, ನೀರು, ಬೇಲಿ ಯಾರ ಹೆಸರಲ್ಲಿ ಉಳಿಯುತ್ತದೆ ಅಂತ ಬರಹದಲ್ಲಿ ಕೇಳಿ. ಉತ್ತರ ಬರಲು ಎಷ್ಟು ದಿನ ಆಗುತ್ತದೆ ಅನ್ನುವುದೇ ಅರ್ಧ ಉತ್ತರ.

ಎರಡು ಊರಿನ ನಡುವೆ ತೂಗಾಡುತ್ತಿದ್ದರೆ ಎರಡರಲ್ಲೂ ಜುಲೈನಲ್ಲಿ ಒಂದೊಂದು ವಾರ ಮನೆ ಬಾಡಿಗೆಗೆ ಹಿಡಿಯಿರಿ. ರೆಸಾರ್ಟ್ ಬೇಡ, ಮನೆ. ನೀವೇ ಅಡುಗೆ ಮಾಡಿ, ನೀವೇ ಬಟ್ಟೆ ಒಣಗಿಸಿ, ಕರೆಂಟು ಹೋದಾಗ ಮಕ್ಕಳು ಏನು ಮಾಡುತ್ತಾರೆ ನೋಡಿ. ನಾವು ಹೋದ ವರ್ಷ ಹಾಗೆ ಮಾಡಿದೆವು. ಮಡಿಕೇರಿಯಲ್ಲಿದ್ದ ವಾರದಲ್ಲಿ ಸೂರ್ಯ ಕಂಡಿದ್ದು ಇಪ್ಪತ್ತು ನಿಮಿಷ. ಮಗ ಇಂಬಳ ಎಣಿಸಿ ಸಂಭ್ರಮಪಟ್ಟ, ಹೆಂಡತಿ ಮೂರನೇ ದಿನಕ್ಕೆ ಪಟ್ಟಿಯಿಂದ ಊರನ್ನು ಹೊಡೆದುಹಾಕಿದಳು.

ಈಗ ಸಕಲೇಶಪುರ ಪೇಟೆಯಿಂದ ಆರು ಕಿಲೋಮೀಟರ್ ದೂರದ ಒಂದು ಹಂಚಿನ ಮನೆ ನೋಡಿಟ್ಟಿದ್ದೇವೆ. ಕಿಟಕಿಯಿಂದ ಬೆಟ್ಟ ಕಾಣುವುದಿಲ್ಲ, ಪಕ್ಕದ ಮನೆಯವರ ದನದ ಕೊಟ್ಟಿಗೆ ಕಾಣುತ್ತದೆ. ಪಕ್ಕದ ಅಜ್ಜ ದೋಣಿ ಗುಡಿಸಿಕೊಡುತ್ತೇನೆ ಅಂದಿದ್ದಾರೆ. ಪೋಡಿ ಇನ್ನೂ ಆಗಿಲ್ಲ. ಅದು ಆಗುವವರೆಗೆ ಅಡ್ವಾನ್ಸ್ ಕೊಡುವುದಿಲ್ಲ ಅಂತ ಮಾಲೀಕರಿಗೂ ಹೇಳಿದ್ದೇನೆ.